ಎಪ್ಪತ್ತು ಲೀಟರಿನ ಬ್ಯಾಗು

ಮೇ ತಿಂಗಳ ಕೊನೆಯ ಶುಕ್ರವಾರ ಬೆಳಿಗ್ಗೆ ಆರಕ್ಕೆ ಬೀರೇಶನ ಫೋನು ಟಿಣ್ ಅಂದದ್ದೇ ಎಲ್ಲಕ್ಕೂ ಮೂಲ. ಅವನು ಗುಮಾಸ್ತನಾಗಿದ್ದ ಖಾನಾಪುರದ ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ಮೇಲಧಿಕಾರಿ ರೂಪಾಲಿ ಮೇಡಂ ಆಜ್ಞೆ ಹೊರಡಿಸಿದ್ದರು.

‘ಮಳೆಗಾಲದ ಪೂರ್ವತಯಾರಿ. ನೆರೆ ಬಂದರೆ ಮನೆ ಬಿಟ್ಟು ಮೂರು ದಿನ ಬದುಕಲು ಬೇಕಾದ ಸಾಮಾನನ್ನು ಪ್ರತಿಯೊಬ್ಬ ನೌಕರರೂ ಒಂದೇ ಬೆನ್ನುಚೀಲದಲ್ಲಿ ತುಂಬಿಕೊಂಡು ಇಂದು ಮಧ್ಯಾಹ್ನ ಮೂರಕ್ಕೆ ಹಾಜರಾಗತಕ್ಕದ್ದು. ಚೀಲಗಳನ್ನು ನಾನೇ ಬಿಚ್ಚಿ ಪರೀಕ್ಷಿಸುತ್ತೇನೆ. ಅತ್ಯುತ್ತಮ ಚೀಲಕ್ಕೆ ವಿಶೇಷ ಗೌರವವಿದೆ. ಬೆಳಗಿನ ಹಾಜರಿಗೆ ವಿನಾಯಿತಿ.’

ಬೀರೇಶನಿಗೆ ಗೌರವ ಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ಮೇಡಂ ಮೇಜಿನ ಮೇಲೆ ಎರಡು ತಿಂಗಳಿಂದ ಮಲಗಿದ್ದ ಒಂದು ಕಾಗದದ ಮೇಲೆ ಒಂದು ಸಹಿ. ಬೆಳಗಾವಿಗೆ ವರ್ಗ ಮಾಡಬಹುದು ಎಂಬ ಶಿಫಾರಸಿನ ಕಾಗದ ಅದು. ಆರು ವರ್ಷದಿಂದ ಅವನು ಬೆಳಗಾವಿಯ ಶಿವಬಸವ ನಗರದ ಮನೆಯಿಂದ ಖಾನಾಪುರಕ್ಕೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದ. ಓಡಾಟದ ದಣಿವನ್ನು ಹೇಗೋ ತಡೆದುಕೊಂಡಿದ್ದ. ತಡೆಯಲಾಗದಿದ್ದದ್ದು ಶ್ರಾವಣ. ಮನೆಯ ಹತ್ತಿರದ ಮಠದಲ್ಲಿ ಸಂಜೆ ಆರೂವರೆಗೆ ಪುರಾಣ ಶುರುವಾದರೆ ಅವನು ಬಸ್ಸಿಳಿದು ಏದುಸಿರು ಬಿಡುತ್ತ ಬರುವಷ್ಟರಲ್ಲಿ ಮಂಗಳಾರತಿ. ಆರು ಶ್ರಾವಣದಲ್ಲಿ ಅವನಿಗೆ ಎಲ್ಲ ರಾಕ್ಷಸರೂ ಸತ್ತದ್ದು ಗೊತ್ತಿತ್ತು. ಒಬ್ಬನಾದರೂ ಯಾಕೆ ಹುಟ್ಟಿದ ಅನ್ನುವುದು ಗೊತ್ತಿರಲಿಲ್ಲ.

ಏಳಕ್ಕೆ ಕಚೇರಿಯ ಹಿರಿಯ ಗುಮಾಸ್ತ ಗಜಾನನ ಫೋನು ಮಾಡಿದ. ಅವನು ಖಾನಾಪುರದವನೇ. ಕಚೇರಿಯಿಂದ ಮನೆಗೆ ಹತ್ತು ಹೆಜ್ಜೆ, ಮಧ್ಯಾಹ್ನ ಉಂಡು ಮಲಗಿ ಎದ್ದು ಬರುವ ಪುಣ್ಯವಂತ.

“ಬೀರೇಶ, ಖರೇ ಹೇಳ್ತೀನಿ ಕೇಳು. ಇವತ್ತ ನಿನ್ನ ಬ್ಯಾಗ್ ನೋಡಿ ಮೇಡಂ ಖುಶ್ ಆದ್ರು ಅಂದ್ರ ಸಹಿ ಬಿದ್ದಂಗ. ನಂದೇನು ಬಿಡು, ಮಗಳ ಸಾಲಿ ಬ್ಯಾಗಿನಾಗ ನಾಕ ಬಿಸ್ಕೀಟ ಹಾಕ್ಕೊಂಡ ಬರಾಂವ. ನನಗ ಎಲ್ಲಿಗೂ ಹೋಗಬೇಕಾಗಿಲ್ಲ.”

ಹತ್ತಕ್ಕೆ ಬೆಳಗಾವಿಯ ಖಡೇಬಜಾರಿನ ಶಬ್ಬೀರನ ಬ್ಯಾಗಿನ ಅಂಗಡಿ ತೆರೆಯುವುದಕ್ಕೂ ಬೀರೇಶ ಮೆಟ್ಟಿಲು ಹತ್ತುವುದಕ್ಕೂ ಸರಿಹೋಯಿತು. ಶಬ್ಬೀರ ಮೂವತ್ತು ವರ್ಷದಿಂದ ಬ್ಯಾಗು ಮಾರುವವನು. ಗಿರಾಕಿಯ ಹೆಗಲು ನೋಡಿಯೇ ಅಳತೆ ಹೇಳುವವನು. ಮೂರು ಬ್ಯಾಗು ಇಳಿಸಿ ಸಾಲಾಗಿ ಇಟ್ಟ.

“ಇದು ಇಪ್ಪತ್ತೈದು ಲೀಟರ್. ಇದು ನಲವತ್ತು. ಅಗೋ ಅದು ಎಪ್ಪತ್ತು.”

“ಬ್ಯಾಗಿಗೆ ಲೀಟರ್ ಯಾಕ ಶಬ್ಬೀರಭಾಯ್, ನಾ ಏನು ಹಾಲು ಹಾಕಾಂವನ?”

“ಒಳಗ ಎಷ್ಟು ಹಿಡಿತೈತಿ ಅಂತ ಲೆಕ್ಕ ಅದು. ಮೂರು ದಿನಕ್ಕ, ಒಬ್ಬ ಮನಷ್ಯಾಗ, ನಲವತ್ತು ಸಾಕು. ನೀರು ಒಳಗ ಹೋಗಂಗಿಲ್ಲ, ನಡುಕ್ಕ ಪಟ್ಟಿ ಐತಿ, ಭಾರ ಹೆಗಲ ಮ್ಯಾಲ ಬೀಳಂಗಿಲ್ಲ. ಮೊಳಕಾಲತನ ನೀರಾಗ ನಡಿಯೂ ಮನಷ್ಯಾಗ ಕೈ ಎರಡೂ ಖಾಲಿ ಇರಬೇಕು ಸಾಹೇಬ್ರ.”

ಬೀರೇಶನ ಕಣ್ಣು ಎಪ್ಪತ್ತರ ಮೇಲೆ ನೆಟ್ಟಿತ್ತು. ಕಿತ್ತಳೆ ಬಣ್ಣ, ಹದಿನಾಲ್ಕು ಜಿಪ್ಪು, ಮೇಲೊಂದು ಟೊಪ್ಪಿಗೆಯಂಥ ಮುಚ್ಚಳ. ನಿಂತರೆ ಅವನ ಎದೆಮಟ್ಟ ಬರುತ್ತಿತ್ತು. ಬೆನ್ನಿಗೆ ಹಾಕಿಕೊಂಡು ಕನ್ನಡಿ ನೋಡಲು ತಿರುಗಿದ. ಹಿಂದೆ ತೂಗುಹಾಕಿದ್ದ ಟಿಫಿನ್ ಚೀಲಗಳ ಸಾಲು ನೆಲಕ್ಕೆ ಬಿತ್ತು. ಅದನ್ನು ನೋಡಲು ಈಚೆ ತಿರುಗಿದ, ಛತ್ರಿಗಳು ಬಿದ್ದವು.

“ಇದs ಇರಲಿ,” ಅಂದ. “ಬಾಗಿಲದಾಗ ಬಂದ ಕೂಡ್ಲೆ ಮೇಡಂ ಕಣ್ಣಿಗೆ ಬೀಳಬೇಕು.”

ಶಬ್ಬೀರ ಛತ್ರಿ ಆರಿಸುತ್ತ ಮೆಲ್ಲಗೆ ಹೇಳಿದ: “ಬೀಳತೈತ್ರಿ. ಆದ್ರ ಒಂದು ಮಾತು. ನಿಮ್ಮ ಸಾಮಾನು ಇದರಾಗ ಅರ್ಧಕ್ಕ ನಿಲ್ಲತೈತಿ. ಉಳದ ಜಾಗಾ ಮಂದಿಗೆ ಕಾಣತೈತಿ. ನೋಡ್ಕೋರಿ.”

ಆ ಮಾತಿನ ಅರ್ಥ ಬೀರೇಶನಿಗೆ ಆಗ ಹತ್ತಲಿಲ್ಲ.

ಮನೆಗೆ ಬಂದು ಪಡಸಾಲೆಯಲ್ಲಿ ಬ್ಯಾಗು ನಿಲ್ಲಿಸಿ, ಹೆಂಡತಿ ಮಾಯಾಳನ್ನು ಕೂರಿಸಿಕೊಂಡು ಒಂದೊಂದೇ ಸಾಮಾನು ತುಂಬಿದ. ಆರು ಬಾಟಲಿ ನೀರು, ಟಾರ್ಚು, ಸೆಲ್ಲು, ಹಗ್ಗ, ಸೀಟಿ, ಹುರಿದ ಪುಠಾಣಿ, ಬೆಲ್ಲ, ಬ್ಯಾಂಡೇಜು, ಜ್ವರದ ಗುಳಿಗೆ, ಆಧಾರ ಕಾರ್ಡಿನ ನಕಲು, ಒಂದು ಟವೆಲ್ಲು. ಶಬ್ಬೀರ ಹೇಳಿದಂತೆ ಅರ್ಧಕ್ಕೆ ನಿಂತಿತು. ಮೇಲಿನ ಅರ್ಧ ಏಕಾದಶಿ ಮಾಡಿದವನ ಹೊಟ್ಟೆಯಂತೆ ಜೋತುಬಿತ್ತು.

“ಮಾಯಾ, ನಾ ಪೂಜಿ ಮುಗಿಸ್ತೀನಿ. ಹನ್ನೆರಡೂವರಿ ಬಸ್ಸಿಗೆ ಹೋಗಬೇಕು. ಬ್ಯಾಗ್ ಕಡೆ ಲಕ್ಷ್ಯ ಇರಲಿ.”

ಇಲ್ಲೊಂದು ವಿಷಯ ತಿಳಿದಿರಬೇಕು. ಬೀರೇಶ ಮನೆದೇವರು ಬೀರಪ್ಪನ ಮುಂದೆ ಕೂತು ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಂಡನೆಂದರೆ ಮಂಗಳಾರತಿ ಆಗುವವರೆಗೆ ಮೌನ. ಮನೆಗೆ ಬೆಂಕಿ ಬಿದ್ದರೂ ಕೈಸನ್ನೆಯೇ. ಇದು ಇಡೀ ಓಣಿಗೆ ಗೊತ್ತು. ಇನ್ನೊಂದು ವಿಷಯವೂ ಓಣಿಗೆ ಗೊತ್ತು: ಮಾತಾಡುತ್ತಿರುವಾಗ ದೇವರ ಗಂಟೆ ಬಾರಿಸಿದರೆ ಆ ಮಾತಿಗೆ ದೇವರು ಹ್ಞೂಂ ಅಂದಂತೆ.

ಮೊದಲು ಬಂದವಳು ಎದುರುಮನೆಯ ಸಾವಂತ್ರವ್ವ. ಎಪ್ಪತ್ತು ದಾಟಿದ ಮುದುಕಿ, ಕಿವಿ ಚುರುಕು, ಕಣ್ಣು ಅದಕ್ಕಿಂತ ಚುರುಕು.

“ಮಾಯಾ, ಎಲ್ಲಿಗೆ ಹೊಂಟಾನವಾ ನಿನ್ನ ಗಂಡ, ಇಷ್ಟ ದೊಡ್ಡ ಚೀಲಾ ತಗೊಂಡು?”

“ಖಾನಾಪುರಕ್ರಿ ಅತ್ತಿ. ಆಫೀಸಿಗೆ.”

“ಚೀಲ ಅರ್ಧಾ ಖಾಲಿ ಐತಲ್ಲ.” ಸಾವಂತ್ರವ್ವ ಬಾಗಿ ಒಳಗೆ ಇಣುಕಿದಳು. “ಖಾನಾಪುರದ ಆಚೆ ಬೀಡಿ ಊರಾಗ ನನ್ನ ಮಗಳು ಹಡದಾಳ. ಕೂಸಿಗಂತ ಕೌದಿ ಹೊಲದೇನಿ. ಖಡಕ್ ರೊಟ್ಟಿ ಒಂದೀಟು, ಶೇಂಗಾ ಚಟ್ನಿ ಒಂದೀಟು. ಅಳಿಯಾ ಖಾನಾಪುರಕ್ಕ ಬರ್ತಾನ, ಅವನ ಕೈಯಾಗ ಕೊಟ್ಟ್ರ ಆತು.”

ದೇವರ ಫೋಟೋದ ಗಾಜಿನಲ್ಲಿ ಬೀರೇಶನಿಗೆ ಎಲ್ಲ ಕಾಣುತ್ತಿತ್ತು. ಗಾಬರಿಯಾಯಿತು. ಬೇಡ, ಬೇಡ ಎಂದು ಕೈ ಬೀಸಿದ. ಆ ಕೈಯಲ್ಲಿ ಗಂಟೆ ಇತ್ತು.

ಠಣಠಣ ಅಂದಿತು.

ಸಾವಂತ್ರವ್ವ ಎರಡೂ ಕೈ ಜೋಡಿಸಿದಳು. “ಕೇಳಿದ್ಯಾ? ಬೀರಪ್ಪನ ಅಪ್ಪಣೆ ಆತು. ತರ್ತೀನಿ ತಡಿ.”

ಕೌದಿ ಬಂತು. ಕೂಸಿಗೆಂದು ಹೊಲಿದದ್ದಾದರೂ ಕೂಸು ಮದುವೆಯಾಗುವವರೆಗೆ ಹೊದೆಯಬಹುದಾದಷ್ಟಿತ್ತು. ಮಾಯಾ ನಾಲ್ಕು ಬಾಟಲಿ ತೆಗೆದು ಮೂಲೆಗಿಟ್ಟಳು. ಬೀರೇಶ ತಿರುಗಿ ಕಣ್ಣು ಬಿಟ್ಟ.

“ಹಂಗ ನೋಡಬ್ಯಾಡ್ರಿ. ನನ್ನ ಬಾಣಂತನದಾಗ ಎರಡು ತಿಂಗಳ ನೀರು ಕಾಸಿದಾಕಿ ಆಕಿ. ಖಾನಾಪುರದಾಗ ನೀರು ಸಿಗಂಗಿಲ್ಲೇನು?”

ಅಷ್ಟರಲ್ಲಿ ಬಾಜುಮನೆಯ ರಾಜಬೀ ಬಂದಳು, ಸೆರಗಿನಲ್ಲಿ ಏನೋ ಕಟ್ಟಿಕೊಂಡು. ಅವಳ ತಂಗಿ ಶಗುಫ್ತಾ ಇರುವುದು ಖಾನಾಪುರದ ಪೇಟೆಯಲ್ಲಿ.

“ಬೀರೇಶಭಾಯ್ ಹೊಂಟಾರಂತ. ನಮ್ಮ ಶಗುಫ್ತಾನ ಮೊಮ್ಮಗಗ ನಜರ್ ಆಗೈತಿ, ದೃಷ್ಟಿ ತಾಗಿ ಹಾಲು ಕುಡಿವಲ್ಲದು. ತುರಟಿ ಓದಿಸಿ ತಂದೇನಿ. ಮತ್ತ ಒಂದು ರಬ್ಬರ್ ಗಿಳಿ, ಒತ್ತಿದ್ರ ಪೀಂ ಅಂತೈತಿ. ಸಂಜೀಕ ಆಕೀನs ಆಫೀಸಿಗೆ ಬರ್ತಾಳ. ಜಾಗಾ ಐತೇನ?”

ಬೀರೇಶ ಈ ಸಲ ಎಡಗೈ ಆಡಿಸಬೇಕೆಂದುಕೊಂಡ. ಎಡಗೈಯಲ್ಲಿ ಆರತಿಯ ತಟ್ಟೆ. ಬಲಗೈ ತಾನಾಗಿ ಎದ್ದಿತು. ಠಣಠಣ.

“ಅಲ್ಲಾನ ದಯಾ, ನಿಮ್ಮ ದೇವರೂ ಹೂಂ ಅಂದ,” ಅಂದಳು ರಾಜಬೀ. ಮುಷ್ಟಿಯಷ್ಟು ದೊಡ್ಡ ಪಟಿಕದ ಗಡ್ಡೆ, ಅದನ್ನೇ ಅವರು ತುರಟಿ ಅನ್ನುವುದು, ಒಳಗೆ ಹೋಯಿತು. ಟಾರ್ಚು, ಹಗ್ಗ ಹೊರಗೆ ಬಂದವು.

ಕೊನೆಗೆ ಗುರುಸಿದ್ದ ಮಾಸ್ತರರು. ನಿವೃತ್ತ ಶಿಕ್ಷಕರು, ಮಗಳ ಮದುವೆಯ ಚಿಂತೆಯಲ್ಲಿ ಸಣ್ಣಗಾದವರು. ಒಂದು ಪ್ಲಾಸ್ಟಿಕ್ ಫೈಲು, ಒಂದು ಸ್ಟೀಲಿನ ಡಬ್ಬಿ ಹಿಡಿದಿದ್ದರು.

“ಮಾಯವ್ವಾ, ಇದು ಮಗಳ ಕುಂಡಲಿ, ಫೋಟೋ. ಖಾನಾಪುರದಾಗ ನಮ್ಮ ಅಣ್ಣ ಭರಮಣ್ಣ ಅದಾನಲ್ಲ, ಇವತ್ತ ಬೀರೇಶನ ಆಫೀಸಿಗೆ ಬರ್ತಾನ, ನಾಳೆ ಮುಂಜಾನೆ ಅವನs ಹುಡುಗನ ಮನೀಗೆ ಮಾತುಕತೀಗೆ ಹೋಗಾಂವ. ಈ ಡಬ್ಬಿಯೊಳಗ ಅವನ ಹಲ್ಲಿನ ಸೆಟ್ಟು. ಬೆಳಗಾವಿಗೆ ರಿಪೇರಿಗೆ ಬಂದಿತ್ತು. ಹಲ್ಲಿಲ್ಲದ ಮಾತು ಹೆಂಗ ಆಡ್ತಾನ? ಹತ್ತನೇ ಸಂಬಂಧ ಇದು.”

ಬೀರೇಶನ ಗಂಟೆ ಈಗ ಮಂಗಳಾರತಿಯದೇ ಆಗಿತ್ತು. ನಿಲ್ಲಿಸುವಂತಿರಲಿಲ್ಲ. ಮಾಸ್ತರರ ಕಣ್ಣಲ್ಲಿ ನೀರು ಬಂತು.

ಅವನು ಎದ್ದು ಬರುವಷ್ಟರಲ್ಲಿ ಹನ್ನೆರಡೂಕಾಲು. ಮೂವರೂ ಬ್ಯಾಗಿನ ಸುತ್ತ ನಿಂತಿದ್ದರು. ಯುದ್ಧಕ್ಕೆ ಹೊರಟ ದೇವಿಗೆ ದೇವತೆಗಳು ಒಬ್ಬೊಬ್ಬರಾಗಿ ತಮ್ಮ ಆಯುಧ ಕೊಟ್ಟು ಕೈಮುಗಿದು ನಿಂತಹಾಗೆ. ಆ ಮೋರೆಗಳ ಮುಂದೆ ಇಲ್ಲ ಅನ್ನಲು ಬೀರೇಶನಿಗೆ ಬಾಯಿ ಬರಲಿಲ್ಲ.

“ನನ್ನ ಸಾಮಾನು ಒಳಗ ಅದಾವಲ್ಲ?” ಎಂದು ಮಾಯಾಳನ್ನು ಕೇಳಿದ.

“ಅದಾವ್ರಿ, ಹಿಡಿಸಿದಷ್ಟು ಅದಾವ,” ಅಂದಳು ಮಾಯಾ, ಮುಚ್ಚಳದ ಮೇಲೆ ಮೊಣಕಾಲೂರಿ ಜಿಪ್ಪು ಎಳೆಯುತ್ತ.

ಎರಡಕ್ಕೆ ಖಾನಾಪುರ ಮುಟ್ಟಿ, ಓಣಿಯವರ ಸಾಮಾನನ್ನೆಲ್ಲ ಹೊರಗೆ ತೆಗೆದಿಟ್ಟು, ಅಂಗಡಿಯಲ್ಲಿ ನೀರು ಟಾರ್ಚು ಕೊಂಡು ಬ್ಯಾಗು ಸರಿಮಾಡಿಕೊಂಡು ಮೂರಕ್ಕೆ ಹಾಜರಾಗುವುದೆಂದು ಬೀರೇಶ ಮನಸ್ಸಿನಲ್ಲೇ ಯೋಜನೆ ಹಾಕಿದ. ಬಸ್ಸಿನ ಬಾಗಿಲಲ್ಲೇ ಯೋಜನೆ ಸಿಕ್ಕಿಕೊಂಡಿತು, ಅವನೊಂದಿಗೆ.

“ಅಣ್ಣಾರ, ಒಂದೋ ನೀವು ಬರ್ರಿ, ಇಲ್ಲ ಅದು ಬರಲಿ,” ಅಂದ ಕಂಡಕ್ಟರ್. ಇಬ್ಬರು ಹಿಂದಿನಿಂದ ನೂಕಿದರು. ಒಳಗೆ ಬಂದು ನೂಕಿದವರಿಗೆ ಉಪಕಾರವಾಯಿತು ಅನ್ನಲು ತಿರುಗಿದ. ಬ್ಯಾಗು ಒಬ್ಬ ಮುದುಕನ ಟೊಪ್ಪಿಗೆ ಹಾರಿಸಿತು. ಮುದುಕನಿಗೆ ತಪ್ಪಾಯಿತು ಅನ್ನಲು ತಿರುಗಿದ. ಒಬ್ಬಾಕೆಯ ಮೂಗಿಗೆ ಬಡಿಯಿತು. ಆಮೇಲೆ ಅವನು ಯಾರ ಕ್ಷಮೆಯನ್ನೂ ಕೇಳದೆ ಕಂಬದಂತೆ ನಿಂತ. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಬ್ಯಾಗಿನೊಳಗಿಂದ ಪೀಂ ಎಂದು ಸದ್ದು ಬರುತ್ತಿತ್ತು.

“ಜೀವ ಐತೇನ್ರಿ ಒಳಗ?” ಕೇಳಿದ ಒಬ್ಬ.

“ಗಿಳಿ ಐತ್ರಿ,” ಅಂದ ಬೀರೇಶ.

ಇಡೀ ಬಸ್ಸು ಅವನನ್ನು ಕಟುಕನನ್ನು ನೋಡುವಂತೆ ನೋಡಿತು.

ದಾರಿಯಲ್ಲಿ ರಸ್ತೆ ಕೆಲಸ. ಒಂದು ತಾಸಿನ ಮೇಲೆ ಬಸ್ಸು ನಿಂತಲ್ಲೇ ನಿಂತಿತು. ಅವನು ಖಾನಾಪುರದ ಕಚೇರಿಯ ಮೆಟ್ಟಿಲು ಹತ್ತಿದಾಗ ಗಡಿಯಾರದಲ್ಲಿ ಮೂರೂಕಾಲು ಆಗಿತ್ತು. ವರಾಂಡದಲ್ಲಿ ಧೋತರ ಉಟ್ಟ ಮುದುಕನೊಬ್ಬ ಎದ್ದು ನಿಂತು ಬಾಯಿ ತೆರೆದ. ಬಾಯಿಯೊಳಗೆ ಒಂದೂ ಹಲ್ಲಿಲ್ಲ. ಭರಮಣ್ಣ. ಬೀರೇಶ ಬ್ಯಾಗಿಗೆ ಕೈ ಹಾಕುವಷ್ಟರಲ್ಲಿ ಗಜಾನನ ಓಡಿಬಂದು ಅವನ ರಟ್ಟೆ ಹಿಡಿದ.

“ಚಲ್ ಚಲ್, ಮೇಡಂ ಶುರು ಮಾಡ್ಯಾರ. ಏನ್ ಬ್ಯಾಗಪ್ಪಾ ಇದು. ಸಹಿ ಬಿತ್ತು ತಿಳಕೊ.”

ಸಭಾಗೃಹದ ಉದ್ದ ಮೇಜಿನ ಮೇಲೆ ಒಂಬತ್ತು ಬ್ಯಾಗು ಬಿಚ್ಚಿ ಬಿದ್ದಿದ್ದವು. ರೂಪಾಲಿ ಮೇಡಂ ಮುಖ ಗಂಟಿಕ್ಕಿತ್ತು. ಅವರು ಗಜಾನನನ ಮಗಳ ಶಾಲೆಯ ಬ್ಯಾಗು ಎತ್ತಿ ಹಿಡಿದು, ತರಬೇತಿಗಳಲ್ಲಿ ಕಲಿತ ಅಚ್ಚುಕಟ್ಟಾದ ಕನ್ನಡದಲ್ಲಿ ಕೇಳಿದರು.

“ನಾಲ್ಕು ಬಿಸ್ಕೀಟು ಮತ್ತು ಒಂದು ದಿಂಬು. ನೆರೆ ಬಂದರೆ ಮಲಗುವ ವಿಚಾರವೇ ಗಜಾನನ ಅವರೇ?”

ಆಮೇಲೆ ಅವರ ಕಣ್ಣು ಕಿತ್ತಳೆ ಬಣ್ಣದ ಬೆಟ್ಟದ ಮೇಲೆ ಬಿತ್ತು. “ಅದನ್ನು ತನ್ನಿ.”

ಬೀರೇಶ ಬ್ಯಾಗಿನ ಪಟ್ಟಿ ಬಿಗಿಹಿಡಿದ. “ಮೇಡಂ, ಒಂದ್ ಹತ್ತು ನಿಮಿಷ—”

ಜಿಪ್ಪು ಎಳೆದದ್ದೇ ತಡ, ಒಳಗೆ ಉಸಿರುಕಟ್ಟಿ ಕೂತಿದ್ದ ಕೌದಿ ಹೊರಗೆ ಉಕ್ಕಿ ಮೇಜಿನ ಅರ್ಧ ಆಕ್ರಮಿಸಿತು. ಮೇಡಂ ಕೌದಿಯ ಎರಡು ತುದಿ ಹಿಡಿದು ಎಳೆದು ನೋಡಿದರು. ಇನ್ನಷ್ಟು ಜೋರಾಗಿ ಎಳೆದರು. ಹರಿಯಲಿಲ್ಲ.

“ಹೊದೆಯಲೂ ಬರುತ್ತದೆ,” ಅಂದರು ನಿಧಾನವಾಗಿ. “ನಾಲ್ಕು ಮೂಲೆ ಹಿಡಿದರೆ ಪೆಟ್ಟಾದವರನ್ನು ಎತ್ತಿಕೊಂಡು ಹೋಗಲೂ ಬರುತ್ತದೆ.”

ಬೀರೇಶ ಕೌದಿಯ ಒಂದು ತುದಿಯನ್ನು ಮೆಲ್ಲಗೆ ಬ್ಯಾಗಿಗೆ ತುರುಕಲು ನೋಡಿದ.

ರೊಟ್ಟಿಯ ಗಂಟು ಬಂತು. “ಖಡಕ್ ರೊಟ್ಟಿ. ಒಲೆ ಬೇಡ, ತಿಂಗಳು ಕೆಡುವುದಿಲ್ಲ. ನೀವೆಲ್ಲ ಕುದಿಸಿ ತಿನ್ನುವ ನೂಡಲ್ಸ್ ತಂದಿದ್ದೀರಿ.” ರಬ್ಬರ್ ಗಿಳಿ ಬಂತು. ಮೇಡಂ ಒತ್ತಿದರು. ಪೀಂ. ಯಾರೂ ನಗಲಿಲ್ಲ, ಅಷ್ಟು ಬೆರಗಾಗಿದ್ದರು. “ಮಕ್ಕಳ ಅಳು ನಿಲ್ಲಿಸಲು, ಮತ್ತು ಕತ್ತಲೆಯಲ್ಲಿ ನಾವಿರುವ ಜಾಗ ತಿಳಿಸಲು.” ಕುಂಡಲಿಯ ಫೈಲು ಬಂತು. “ಭಾವಚಿತ್ರ, ಜನ್ಮದಿನ, ತಂದೆತಾಯಿಯ ಹೆಸರು, ನೀರು ತಾಗದ ಹೊದಿಕೆಯಲ್ಲಿ. ಯಾರು ಈ ಹುಡುಗಿ?”

“ನಮ್ಮ ಓಣ್ಯಾಕಿ ಮೇಡಂ. ಖರೇ ಅಂದ್ರ ಇವ್ಯಾವೂ ನನ್ನವಲ್ರಿ.”

“ಅದೇ ನನಗೆ ಆಶ್ಚರ್ಯ. ತಳ ಮುಟ್ಟುವವರೆಗೆ ನೋಡಿದೆ, ನಿಮಗೆಂದು ಒಂದೇ ಒಂದು ವಸ್ತುವಿಲ್ಲ.”

ಒಂದೇ ಒಂದಿಲ್ಲವೆ? ಬೀರೇಶ ಧಡಕ್ಕನೆ ಬ್ಯಾಗಿನೊಳಗೆ ತಲೆ ಹಾಕಿದ. ನೀರಿಲ್ಲ, ಸೀಟಿಯಿಲ್ಲ, ಪುಠಾಣಿಯಿಲ್ಲ, ಆಧಾರವಿಲ್ಲ. ಮಾಯಾ ಟವೆಲ್ಲನ್ನೂ ಬಿಟ್ಟಿರಲಿಲ್ಲ. ಹಿಡಿಸಿದಷ್ಟು ಅಂದರೆ ಸೊನ್ನೆ.

“ಆದರೆ ಕುಡಿಯುವ ನೀರು?” ಎಂದು ಮೇಡಂ ಹುಬ್ಬು ಏರಿಸಿದರು.

“ನೆರಿ ಬಂದಾಗ ನೀರು ಬಾಳ ಇರತೈತ್ರಿ ಮೇಡಂ,” ಅಂದ ಗಜಾನನ, ಗೆಳೆಯನಿಗೆ ನೆರವಾಗಲು.

ಮೇಡಂ ಅವನನ್ನು ದುರುಗುಟ್ಟಿ ನೋಡಿದರು. ಅವರ ಕೈಗೆ ಅದೇ ಹೊತ್ತಿಗೆ ಪಟಿಕದ ಗಡ್ಡೆ ಹತ್ತಿತು. ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

“ಪಟಿಕ. ರಾಡಿ ನೀರಿನಲ್ಲಿ ಆಡಿಸಿದರೆ ಮಣ್ಣು ತಳಕ್ಕೆ ಇಳಿಯುತ್ತದೆ. ನಮ್ಮ ಅಜ್ಜಿ ಮಾಡುತ್ತಿದ್ದರು. ನೀವು ನೀರನ್ನು ಹೊತ್ತು ತರಲಿಲ್ಲ, ಬೀರೇಶ ಅವರೇ. ನೀವು ನದಿಯನ್ನೇ ಬಾಟಲಿ ಮಾಡಿಕೊಂಡಿರಿ.”

ಕೊನೆಗೆ ಸ್ಟೀಲಿನ ಡಬ್ಬಿ. ಮುಚ್ಚಳ ತೆಗೆದ ಮೇಡಂ ಒಂದು ಹೆಜ್ಜೆ ಹಿಂದೆ ಸರಿದರು. ಡಬ್ಬಿಯೊಳಗಿಂದ ಮೂವತ್ತೆರಡು ಹಲ್ಲು ಸಭೆಯತ್ತ ನಗುತ್ತಿದ್ದವು. ಕಿಟಕಿಯ ಹೊರಗಿನಿಂದ ಭರಮಣ್ಣ ಕೈ ಚಾಚಿ ಏನೋ ಕೂಗಿದ. ಬರಿಯ ಗಾಳಿ ಬಂತು.

ಮುಗಿಯಿತು, ಎಂದುಕೊಂಡ ಬೀರೇಶ. ಮೇಡಂ ಹಲ್ಲು ನೋಡಿದರು, ರೊಟ್ಟಿ ನೋಡಿದರು, ಕಿಟಕಿಯ ಮುದುಕನನ್ನು ನೋಡಿದರು. ಅವರ ಕಣ್ಣು ಒದ್ದೆಯಾಯಿತು.

“ಖಡಕ್ ರೊಟ್ಟಿ ಇಟ್ಟವರು, ಮುದುಕರು ಅದನ್ನು ಹೇಗೆ ತಿನ್ನಬೇಕು ಎಂದೂ ಯೋಚಿಸಿದ್ದಾರೆ.”

ಚಪ್ಪಾಳೆ ಬಿತ್ತು. ಮೇಡಂ ತಮ್ಮ ಮೇಜಿನಿಂದ ಒಂದು ಕಾಗದ ತರಿಸಿದರು. ಬೀರೇಶ ಕತ್ತು ಉದ್ದ ಮಾಡಿ ನೋಡಿದ. ಅದೇ ಕಾಗದ. ಶ್ರಾವಣ, ಆರೂವರೆ, ಮುಂದಿನ ಸಾಲು, ಕತೆಯ ಮೊದಲ ಪದ್ಯ.

“ಇವತ್ತು ಬೆಳಿಗ್ಗೆಯೇ ಈ ಶಿಫಾರಸಿಗೆ ಸಹಿ ಮಾಡಿದ್ದೆ,” ಅಂದರು ಮೇಡಂ. “ಬೀರೇಶ ಇದ್ದರೂ ಒಂದೇ, ಹೋದರೂ ಒಂದೇ ಎಂದುಕೊಂಡಿದ್ದೆ. ಎಂಥ ತಪ್ಪು ಮಾಡುತ್ತಿದ್ದೆ.” ಕಾಗದ ಎರಡಾಯಿತು, ನಾಲ್ಕಾಯಿತು. “ಇಂದಿನಿಂದ ಇವರು ಖಾನಾಪುರದ ನೆರೆ ಪಡೆಯ ಮುಖ್ಯಸ್ಥರು. ಬೆಳಗಾವಿಯ ಕಚೇರಿಗೆ ಒಬ್ಬರನ್ನು ಕಳಿಸಲೇಬೇಕು. ಗಜಾನನ ಅವರು ಹೋಗಲಿ. ಅಲ್ಲಿ ನದಿ ಇಲ್ಲ.”

ಗಜಾನನ ಕುರ್ಚಿ ಹಿಡಿದುಕೊಂಡು ಕೂತ. “ಅಯ್ಯೋ ದೇವಾ,” ಅಂದ, “ಮಧ್ಯಾಹ್ನದ ಊಟ?” ಅವನ ಕಡೆ ನೋಡುವ ಸ್ಥಿತಿಯಲ್ಲಿ ಬೀರೇಶ ಇರಲಿಲ್ಲ.

“ಮತ್ತು ಈ ಚೀಲ,” ಅಂದರು ಮೇಡಂ, “ಮಾದರಿ ಚೀಲ. ಎಲ್ಲವನ್ನೂ ಇದ್ದಹಾಗೇ ತುಂಬಿ, ಅರಗು ಒತ್ತಿ, ಕಚೇರಿಯ ತಿಜೋರಿಯಲ್ಲಿ ಇಡಿ. ಸೇತುವೆಯ ಕಂಬದ ಮೇಲಿನ ನೆರೆಮಟ್ಟದ ಕೆಂಪು ಗುರುತಿಗೆ ನದಿ ಮುಟ್ಟಿದ ದಿನವೇ ಅರಗು ಒಡೆಯಬೇಕು. ಅದಕ್ಕೂ ಮೊದಲು ಒಡೆದವರು ಅಮಾನತು.”

“ಮೇಡಂ, ಆ ಹಲ್ಲು—”

“ಹಲ್ಲೂ ಒಳಗೇ ಇರಲಿ. ಅದೇ ಅದರ ಕಿರೀಟ.”

ಐದಕ್ಕೆ ಬೀರೇಶ ವರಾಂಡಕ್ಕೆ ಬಂದ. ಜೇಬಿನಲ್ಲಿ ನೇಮಕದ ಆದೇಶ, ಹೆಗಲು ಖಾಲಿ. ಭರಮಣ್ಣ ಬೆನ್ನು ಹತ್ತಿದ. ಫೋನಿನಲ್ಲಿ ಸಾವಂತ್ರವ್ವನ ಅಳಿಯನ ನಾಲ್ಕು ಕರೆ, ಮಾಸ್ತರರ ಆರು ಕರೆ. ಗೇಟಿನ ಆಚೆ ಶಗುಫ್ತಾ ಆಟೋದಿಂದ ಇಳಿಯುವುದು ಕಂಡಿತು. ಬೀರೇಶ ಹಿಂದಿನ ಬಾಗಿಲಿನಿಂದ ನುಸುಳಿದ, ಭರಮಣ್ಣ ಅವನ ಹಿಂದೆಯೇ. ಕಾಲು ತಾನಾಗಿ ಮಲಪ್ರಭೆಯ ಸೇತುವೆಗೆ ಒಯ್ದಿತು.

ಇಬ್ಬರೂ ಬಗ್ಗಿ ನೋಡಿದರು. ಮೇ ತಿಂಗಳ ನದಿ; ಎಮ್ಮೆಯೊಂದು ನಡುಹೊಳೆಯಲ್ಲಿ ನಿಂತಿದ್ದರೆ ಅದರ ಹೊಟ್ಟೆಯೂ ತೊಯ್ದಿರಲಿಲ್ಲ. ಕೆಂಪು ಗುರುತು ಎಲ್ಲೋ ಮೇಲೆ, ಆಕಾಶದಲ್ಲಿತ್ತು.

ಬೀರೇಶ ಚಪ್ಪಲಿ ಬಿಟ್ಟ. ಕಣ್ಣು ಮುಚ್ಚಿ ಕೈಮುಗಿದ. ‘ತಂದೀ ಬೀರಪ್ಪಾ, ಯಾರ ಮನೀಗೂ ನೀರು ಹೋಗೂದು ಬ್ಯಾಡ, ಯಾರ ದನಾನೂ ತೇಲೂದು ಬ್ಯಾಡ. ಆ ಕೆಂಪು ಗುರುತು ಮುಟ್ಟಿ ಹಂಗs ತಿರುಗಿ ಹೋಗಲಿ. ನಾಳೆ ಮುಂಜಾನೆ ಒಳಗ.’ ಹುಟ್ಟಿದಾಗಿನಿಂದ ಎಲ್ಲರಿಗೂ ಒಳ್ಳೆಯದಾಗಲಿ ಎಂದಷ್ಟೇ ಬೇಡಿದ್ದ ತನ್ನ ಬಾಯಿಂದ ಎಂಥ ಮಾತು ಬಂತೆಂದು ಅವನಿಗೇ ಮೈ ಝುಂ ಅಂದಿತು.

ಭರಮಣ್ಣ ಮೊಣಕೈಯಿಂದ ತಿವಿದ. ಅವನೂ ಕೈಮುಗಿದಿದ್ದ. ಕೆಂಪು ಗುರುತು ತೋರಿಸಿ, ಅದರ ಮೇಲೆ ಎರಡು ಗೇಣು ಎಂದು ಕೈಯಲ್ಲಿ ಅಳೆದು ತೋರಿಸಿದ. ಕಚೇರಿಯವರು ಮತ್ತೆ ತಕರಾರು ತೆಗೆಯಬಾರದಲ್ಲ.

ಬೀರೇಶ ಬೆವರು ಒರೆಸಿಕೊಳ್ಳಲು ಜೇಬಿಗೆ ಕೈ ಹಾಕಿದ. ಕರವಸ್ತ್ರದ ಬದಲು ಆದೇಶ ಬಂತು. ಆಗಲೇ ಅವನು ಅದರ ಎರಡನೆಯ ಸಾಲು ಓದಿದ್ದು: ‘ನದಿಯು ಕೆಂಪು ಗುರುತು ಮುಟ್ಟಿದ ಕ್ಷಣದಿಂದ ಮಳೆಗಾಲ ಮುಗಿಯುವವರೆಗೆ ಪಡೆಯ ಮುಖ್ಯಸ್ಥರು ಹಗಲೂ ರಾತ್ರಿ ಖಾನಾಪುರದಲ್ಲೇ ವಾಸವಿರತಕ್ಕದ್ದು.’

ಮಳೆಗಾಲ. ಅಂದರೆ ಶ್ರಾವಣ. ಅಂದರೆ ಈ ವರ್ಷ ಮಂಗಳಾರತಿಯೂ ಇಲ್ಲ.

ಅವನು ಬೇಡಿಕೊಂಡದ್ದನ್ನು ವಾಪಸು ಪಡೆಯಲು ಕೈ ಎತ್ತುವಷ್ಟರಲ್ಲಿ, ಹೊಳೆದಂಡೆಯ ಗುಡಿಯಲ್ಲಿ ಯಾರೋ ಗಂಟೆ ಬಾರಿಸಿದರು.

ಠಣಠಣ ಅಂದಿತು. ಭರಮಣ್ಣ ಬಾಯಿ ತುಂಬ ನಕ್ಕ.